ಮೆಲುಕಿನ ಲೆಕ್ಕ

ಲೇವಾರ್ಡನ್, ನೆದರ್‌ಲ್ಯಾಂಡ್ಸ್
ಮಾರ್ಚ್ 16

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಲಕ್ಷ್ಮಿ ಮುಂದಿನ ತಿಂಗಳು ಕರು ಹಾಕುತ್ತಾಳೆ ಎಂದು ಹೇಳಿ, ಇಲ್ಲಿಯ ದನಗಳ ಕೊರಳಿಗೆ ಕಟ್ಟುವ ಯಂತ್ರವನ್ನು ನಮ್ಮ ಬ್ರಹ್ಮಾವರದ ಹಟ್ಟಿಗೂ ತರಿಸಬಹುದೇ ಎಂದು ನೀವು ಕಳೆದ ವಾರ ಫೋನಿನಲ್ಲಿ ಕೇಳಿದಿರಿ. ಅವಸರದ ಉತ್ತರ ಕೊಡಲು ಮನಸ್ಸಾಗಲಿಲ್ಲ. ಆದ್ದರಿಂದ ಈ ಪತ್ರ.

ಈ ಊರಿನಲ್ಲಿ 1954ರಲ್ಲಿ ನಿಲ್ಲಿಸಿದ ಹಸುವಿನ ಕಂಚಿನ ಪ್ರತಿಮೆಯೊಂದಿದೆ. ಇಲ್ಲಿಯ ಫ್ರೀಸಿಯನ್ ಭಾಷೆಯಲ್ಲಿ ಅದರ ಹೆಸರು ‘ಉಸ್ ಮೆಮ್’, ಅಂದರೆ ‘ನಮ್ಮ ತಾಯಿ’. ಅಮ್ಮನಿಗೆ ಇದನ್ನು ಓದಿ ಹೇಳಿ, ಅವರಿಗೆ ಸಂತೋಷವಾದೀತು.

ನಾನು ಕೆಲಸ ಕಲಿಯುತ್ತಿರುವ ಕೊಟ್ಟಿಗೆಯಲ್ಲಿ ಪ್ರತಿ ಹಸುವಿನ ಕೊರಳಲ್ಲೂ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪೆಟ್ಟಿಗೆಯೊಂದಿದೆ. ಕತ್ತಿನ ಚಲನೆಯನ್ನು ಅದು ಹಗಲೂ ರಾತ್ರಿ ಅಳೆದು, ಹಸು ಮೇಯುತ್ತಿದೆಯೋ, ಮೆಲುಕು ಹಾಕುತ್ತಿದೆಯೋ, ಸುಮ್ಮನೆ ಮಲಗಿದೆಯೋ ಎಂಬುದನ್ನು ಗುರುತಿಸುತ್ತದೆ. ಆರೋಗ್ಯವಂತ ಹಸು ದಿನಕ್ಕೆ ಸುಮಾರು 7ರಿಂದ 9 ಗಂಟೆ ಮೆಲುಕು ಹಾಕುತ್ತದೆ. ಯಂತ್ರವು ಒಂದು ಹಸುವನ್ನು ಪಕ್ಕದ ಹಸುವಿನೊಡನೆ ಹೋಲಿಸದೆ, ಅದರದೇ ಹಿಂದಿನ ದಿನಗಳೊಡನೆ ಹೋಲಿಸಿ, ವ್ಯತ್ಯಾಸ ಕಂಡರೆ ಯಜಮಾನರ ಮೊಬೈಲಿಗೆ ಸೂಚನೆ ಕಳುಹಿಸುತ್ತದೆ. ನನಗೆ ಬಹಳ ಹಿಡಿಸಿದ್ದು ಈ ನ್ಯಾಯ. ನೀವೂ ಹಾಗೆಯೇ ಅಲ್ಲವೇ ನೋಡುವುದು? ‘ಇವಳು ಇವತ್ತು ಇವಳ ಹಾಗಿಲ್ಲ’ ಎಂದು ನೀವು ಹೇಳಿದ ಮರುದಿನವೇ ಜ್ವರ ಕಾಣಿಸಿಕೊಂಡದ್ದು ನನಗೆ ನೆನಪಿದೆ.

ಆದರೆ ನಿಮ್ಮ ಕಣ್ಣಿಗೆ ರಾತ್ರಿ ನಿದ್ದೆ ಬೇಕು, ಯಂತ್ರಕ್ಕೆ ಬೇಡ. ಕಳೆದ ತಿಂಗಳು ಇಲ್ಲಿ ಕರು ಹಾಕಿ ಆರು ದಿನವಾಗಿದ್ದ ಹಸುವೊಂದು ಬಾಯಾಡಿಸುತ್ತಿತ್ತು, ಹಾಲೂ ಕೊಡುತ್ತಿತ್ತು; ನನಗೆ ಅದರಲ್ಲಿ ಏನೂ ದೋಷ ಕಾಣಲಿಲ್ಲ. ಆದರೆ ಅದರ ಮೆಲುಕಿನ ಸಮಯ ಎರಡೇ ದಿನಗಳಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು. ವೈದ್ಯರು ಬಂದು ಒಂದು ಹನಿ ರಕ್ತ ಪರೀಕ್ಷಿಸಿ ಕೀಟೋಸಿಸ್ ಎಂದರು. ಅಂದರೆ, ತಿಂದದ್ದು ಹಾಲಿಗೆ ಸಾಲದೆ ದೇಹವು ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುವ ಸ್ಥಿತಿ. ಬಾಯಿಯ ಮೂಲಕ ಔಷಧ ಕೊಟ್ಟದ್ದರಲ್ಲೇ ಅದು ಚೇತರಿಸಿಕೊಂಡಿತು. ಹಸು ತನ್ನ ನೋವನ್ನು ಸಾಧ್ಯವಾದಷ್ಟು ದಿನ ಮುಚ್ಚಿಡುತ್ತದೆ ಎಂಬುದು ನನಗೆ ಅಂದು ಮನವರಿಕೆಯಾಯಿತು.

ಆ ರಾತ್ರಿ ನನಗೆ ನಮ್ಮ ಗೌರಿಯ ನೆನಪಾಗಿ ಅಳು ಬಂತು. ಹಾಲಿನಲ್ಲಿ ಗರಣೆ ಕಂಡ ಮೇಲಷ್ಟೇ ನಮಗೆ ಅವಳ ಕೆಚ್ಚಲು ಬಾವು ತಿಳಿದದ್ದು, ಅಷ್ಟರಲ್ಲಿ ಒಂದು ಮೊಲೆ ಕೆಟ್ಟುಹೋಗಿತ್ತು. ಕೆಚ್ಚಲಿನ ಒಳಗೆ ಉರಿಯೂತವಾದಾಗ ರಕ್ತದಲ್ಲಿರುವ ಸೋಡಿಯಂ ಮತ್ತು ಕ್ಲೋರೈಡ್ ಹಾಲಿಗೆ ಸೇರುವುದರಿಂದ ಹಾಲಿನಲ್ಲಿ ವಿದ್ಯುತ್ ಹೆಚ್ಚು ಸರಾಗವಾಗಿ ಹರಿಯುತ್ತದೆ. ಇಲ್ಲಿಯ ಹಾಲು ಕರೆಯುವ ಯಂತ್ರ ನಾಲ್ಕೂ ಮೊಲೆಗಳಲ್ಲಿ ಇದನ್ನು ಬೇರೆಬೇರೆಯಾಗಿ ಅಳೆಯುವುದರಿಂದ, ಹಾಲು ಕಣ್ಣಿಗೆ ಬೆಳ್ಳಗೆ ಕಾಣುತ್ತಿರುವಾಗಲೇ ಸುಳಿವು ಸಿಗುತ್ತದೆ. ತಪ್ಪು ಅಮ್ಮನದಲ್ಲ, ದಯವಿಟ್ಟು ಅವರಿಗೆ ಹೇಳಿ. ಬಾವಿನ ಆರಂಭದಲ್ಲಿ ಅಂಥ ಹಾಲಿನಲ್ಲಿ ಬರಿಗಣ್ಣಿಗೆ ಕಾಣುವಂಥದ್ದು ಏನೂ ಇರುವುದಿಲ್ಲ.

ಇಷ್ಟೆಲ್ಲ ಹೇಳಿದರೂ, ಕೊರಳಪಟ್ಟಿಯನ್ನು ಈಗಲೇ ತರಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಹಸುಗಳು ಕಟ್ಟಿಲ್ಲದೆ ಓಡಾಡುತ್ತವೆ. ಬೆದೆಗೆ ಬಂದ ಹಸುವಿನ ಓಡಾಟ ಹೆಚ್ಚಾಗುವುದರಿಂದ ಯಂತ್ರಕ್ಕೆ ಅದು ಗೊತ್ತಾಗುತ್ತದೆ. ಗೂಟಕ್ಕೆ ಕಟ್ಟಿದ ನಮ್ಮ ಐದು ಹಸುಗಳು ನಡೆಯುವುದಾದರೂ ಎಲ್ಲಿ? ಅವುಗಳ ಕಿವಿಯಲ್ಲಿರುವ ಹಳದಿ ಓಲೆಯ 12 ಅಂಕಿಗಳು ಹಸು ಯಾವುದೆಂದು ಹೇಳುತ್ತವೆ, ಹೇಗಿದೆ ಎಂದು ಹೇಳುವುದಿಲ್ಲ. ಅಡಿಕೆ ತೋಟದ ಪಕ್ಕದ ಗದ್ದೆಗೆ ಬೇಲಿ ಹಾಕಿ ದಿನಕ್ಕೆ ಎರಡು ಗಂಟೆ ಅವುಗಳನ್ನು ಬಿಟ್ಟರೆ, ಅದೇ ಹಣದಲ್ಲಿ ಅವುಗಳಿಗೆ ಹೆಚ್ಚು ಸುಖ.

ಇನ್ನು ಸೆಕೆಯ ವಿಚಾರ. ಉಷ್ಣಾಂಶ ಮತ್ತು ತೇವಾಂಶವನ್ನು ಸೇರಿಸಿ ಲೆಕ್ಕ ಹಾಕುವ ಸೂಚ್ಯಂಕವೊಂದಿದೆ. ಅದು 72 ದಾಟಿದರೆ ಹಾಲು ಕೊಡುವ ಹಸುವಿಗೆ ಕಷ್ಟ ಶುರುವಾಗುತ್ತದೆ. ನಮ್ಮಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 33 ಡಿಗ್ರಿ ಉಷ್ಣಾಂಶ, ಶೇ 70 ತೇವಾಂಶ ಇದ್ದರೆ ಅದು 86 ಆಗುತ್ತದೆ. ನಮಗೇ ಬೆವರು ಆರದ ಆ ಗಾಳಿಯಲ್ಲಿ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಲಕ್ಷ್ಮಿ ಹೇಗೆ ತಡೆದಾಳು? ಎರಡೂ ತೋರಿಸುವ ಚಿಕ್ಕ ಮಾಪಕವನ್ನು ಉಡುಪಿಯಿಂದ ತಂದು ಹಟ್ಟಿಯೊಳಗೆ ತೂಗುಹಾಕಿ. ಅವಳ ಪಕ್ಕೆ ಏರಿಳಿಯುವುದನ್ನು ಎಣಿಸಿ. ನಿಮಿಷಕ್ಕೆ 60 ಮೀರಿದರೆ ಫ್ಯಾನ್ ಹಾಕಿ ಮೈಗೆ ನೀರು ಹೊಡೆಯಿರಿ.

ಕೆಚ್ಚಲಿಗೆ, ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ಹಾಲಿಗೆ ದ್ರಾವಣ ಬೆರೆಸಿ ನೋಡುವ ಸಿ.ಎಂ.ಟಿ. ಪರೀಕ್ಷೆಯನ್ನು ಡಾಕ್ಟರರಿಂದ ಕಲಿತುಕೊಳ್ಳಿ. ಯಾವ ಬಟ್ಟಲಿನ ಹಾಲು ಲೋಳೆಯಾಗುತ್ತದೆಯೋ ಆ ಮೊಲೆಯಲ್ಲಿ ತೊಂದರೆ ಇದೆ ಎಂದರ್ಥ.

ಲಕ್ಷ್ಮಿ ಕರು ಹಾಕಿದ ಮೇಲೆ ಹತ್ತು ದಿನ, ಅವಳು ಮಲಗಿ ಮೆಲುಕು ಹಾಕುವಾಗ ಒಂದು ತುತ್ತಿಗೆ ಎಷ್ಟು ಸಲ ಅಗಿಯುತ್ತಾಳೆಂದು ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಸಾಮಾನ್ಯವಾಗಿ 50-60 ಸಲ ಇರುತ್ತದೆ. ಈಗಲೂ ಒಂದು ವಾರ ಎಣಿಸಿಟ್ಟರೆ ಹೋಲಿಸಲು ಅವಳದೇ ಲೆಕ್ಕ ಸಿಗುತ್ತದೆ. ಭಾನುವಾರ ಫೋನ್ ಮಾಡಿದಾಗ ಮೊದಲು ಆ ಅಂಕಿಗಳನ್ನು ಓದಿ ಹೇಳಿ. ನಾನು ಇಲ್ಲಿ ಬರೆದುಕೊಳ್ಳುತ್ತೇನೆ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇತಿ,
ನಿಮ್ಮ ಪ್ರೀತಿಯ ಮಗಳು