ಕಡಲಿನ ಪಂಚಾಂಗ ಓದಲು ಕಲಿಸಿದವರಿಗೆ

ಕಾರವಾರದ ವೈದ್ಯಕೀಯ ಕಾಲೇಜಿನಲ್ಲಿ ನಮ್ಮ ಬ್ಯಾಚಿನ ಹೌಸ್‌ಸರ್ಜನ್ಸಿ, ಅಂದರೆ ಎಂಬಿಬಿಎಸ್ ಕೊನೆಯ ಆಸ್ಪತ್ರೆ ತರಬೇತಿ, ಮುಗಿಯಿತು. ಔಷಧ, ಶಸ್ತ್ರಚಿಕಿತ್ಸೆ ಕಲಿಸಿದ ಗುರುಗಳಿಗೆ ಪದವಿ ಪ್ರದಾನದ ದಿನ ವೇದಿಕೆಯ ಮೇಲೆಯೇ ವಂದನೆ ಸಲ್ಲಿಸಿಯಾಗಿದೆ. ಈ ಬರಹ ಇನ್ನೊಂದು ಗುಂಪಿಗೆ: ಸಾಂಸ್ಕೃತಿಕ ಸಮಿತಿಯ ಸರ್, ಭಾಷಾ ತರಗತಿಯ ಮೇಡಂ, ರಕ್ತನಿಧಿಯ ತಂತ್ರಜ್ಞರು, ಸಮಾಜ ಕಾರ್ಯಕರ್ತರು, ಹಳ್ಳಿ ಭೇಟಿಗೆ ದಾರಿ ತೋರಿಸಿದ ಆಶಾ ಅಕ್ಕಂದಿರು. ಆದೇಶದ ಕಾಗದದಲ್ಲಿ ಇವರ ಈ ಕೆಲಸಕ್ಕೆ ‘ಹೆಚ್ಚುವರಿ ಹೊಣೆ’ ಎಂದು ಒಂದೇ ಸಾಲು ಇರುತ್ತದೆ. ಆ ಒಂದು ಸಾಲಿನೊಳಗೆ ಏನೇನಿತ್ತು ಎಂಬುದನ್ನು ಬಿಡಿಸಿ ಬರೆಯದೆ ಕಾರವಾರ ಬಿಡುವುದು ಸರಿಯಲ್ಲ.

ಮೊದಲು ಮಾತಿನ ವಿಷಯ. ವೈದ್ಯಕೀಯ ಪಠ್ಯಕ್ರಮ 2019ರಲ್ಲಿ ಬದಲಾದಾಗ ಮೊದಲ ವರ್ಷದ ಆರಂಭಕ್ಕೆ 175 ಗಂಟೆಗಳ ಫೌಂಡೇಶನ್ ಕೋರ್ಸ್ ಬಂತು. ಅದರಲ್ಲಿ ಭಾಷೆಗೂ ಕಂಪ್ಯೂಟರಿಗೂ ಸೇರಿ 40 ಗಂಟೆ ಇತ್ತು. ಸರ್ಕಾರಿ ಕಾಲೇಜಿನಲ್ಲಿ ನೂರಕ್ಕೆ 15 ಸೀಟು ಅಖಿಲ ಭಾರತ ಕೋಟಾದವು. ರಾಜಸ್ಥಾನದಿಂದಲೋ ಕೇರಳದಿಂದಲೋ ಬಂದವರಿಗೆ ಅಷ್ಟು ಗಂಟೆಯಲ್ಲಿ ಅ ಆ ಇ ಈ ಬರೆಸಲು ಹೊರಟರೆ ಒತ್ತಕ್ಷರಕ್ಕೇ ಸಮಯ ಮುಗಿಯುತ್ತದೆ. ಮೇಡಂ ಅಕ್ಷರ ಬದಿಗಿಟ್ಟು, ರೋಗಿಯ ಹಾಸಿಗೆಯ ಪಕ್ಕ ಬೇಕಾಗುವ ಪ್ರಶ್ನೆಗಳಿಂದಲೇ ಶುರುಮಾಡಿದರು. ಎಲ್ಲಿ ನೋವು, ಎಷ್ಟು ದಿನ ಆಯ್ತು, ಉಂಡ ಮೇಲೆ ಜಾಸ್ತಿಯೋ ಉಣ್ಣುವ ಮುಂಚೆಯೋ. ಪ್ರತಿಯೊಂದೂ ಕನ್ನಡದಲ್ಲಿ ಒಮ್ಮೆ, ಕೊಂಕಣಿಯಲ್ಲಿ ಒಮ್ಮೆ. ‘ಖಂಯ್ ದುಕ್ತಾ?’, ‘ಕಿತ್ಲೆ ದೀಸ್ ಜಾಲೆ?’ ಇವೆರಡು ಬಾಯಿಗೆ ಬಂದರೆ ಕಾರವಾರದ ಅಜ್ಜಿಯಂದಿರು ಮುಂದಿನದನ್ನು ತಾವೇ ಹೇಳುತ್ತಾರೆ.

ಕಷ್ಟ ಇರುವುದು ಗೊತ್ತಿಲ್ಲದ ಪದಗಳಲ್ಲಿ ಅಲ್ಲ, ಗೊತ್ತಿದೆ ಎಂದುಕೊಂಡ ಪದಗಳಲ್ಲಿ. ‘ಹೊರಗೆ ಹೋಗ್ತದೆ’ ಅಂದರೆ ಭೇದಿ, ‘ಹೊರಗಾಗಿದ್ದೇನೆ’ ಅಂದರೆ ಮುಟ್ಟು. ಅರ್ಧ ಕೇಳಿಸಿಕೊಂಡವರು ಮುಟ್ಟಿನ ಹೊಟ್ಟೆನೋವಿಗೆ ಓಆರ್‌ಎಸ್ ಬರೆಯುತ್ತಾರೆ. ‘ದಮ್ಮು ಬರ್ತದೆ’ ಎಂದರೆ ಉಬ್ಬಸ, ‘ದಮ್ಮು ಎಳೀತೇನೆ’ ಎಂದರೆ ಬೀಡಿ. ಇಂಥ ಜೋಡಿಗಳನ್ನೆಲ್ಲ ಒಂದು ರಟ್ಟಿನ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಹಾಕಿದ್ದು ಮೇಡಂ. ‘ಗೊತ್ತಾಯ್ತಾ?’ ಎಂದು ಕೇಳುವುದನ್ನು ನಿಲ್ಲಿಸಿದ್ದೂ ಅವರೇ. ಆ ಪ್ರಶ್ನೆಗೆ ಈ ಕಡೆ ಯಾರೂ ಇಲ್ಲ ಅನ್ನುವುದಿಲ್ಲ. ದೊಡ್ಡವರ ಮಾತಿಗೆ ಹ್ಞೂಂ ಅನ್ನುವುದು ಮರ್ಯಾದೆ. ಅದರ ಬದಲು ‘ಮನೆಗೆ ಹೋಗಿ ಸೊಸೆಗೆ ಹೇಗೆ ಹೇಳ್ತೀರಿ, ಒಮ್ಮೆ ಹೇಳಿ ನೋಡುವಾ’ ಎನ್ನಬೇಕು. ಗುಳಿಗೆ ಎರಡೋ ನಾಲ್ಕೋ ಎಂಬ ಗೊಂದಲ ಆಗ ತಾನಾಗಿಯೇ ಹೊರಬರುತ್ತದೆ.

ರಕ್ತದಾನ ಶಿಬಿರ ಎಲ್ಲ ಕಾಲೇಜಿನಲ್ಲೂ ನಡೆಯುತ್ತದೆ. ಬ್ಯಾನರ್, ಫೋಟೋ, ಒಂದು ಬಾಳೆಹಣ್ಣು, ಫ್ರೂಟಿ. ನಮ್ಮವರದು ಬೇರೆ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟು ಕಡಲಿಗಿಳಿಯುವಂತಿಲ್ಲ. ಹೊರ ರಾಜ್ಯದ ಕಲಾಸಿಗಳು (ಬೋಟಿನ ಕೆಲಸದವರು) ಊರಿಗೆ ಹೋಗಿರುತ್ತಾರೆ, ಊರಿನವರು ಬಲೆ ಹೊಲಿಯುತ್ತಾ ದಡದಲ್ಲೇ ಇರುತ್ತಾರೆ. ಕಾಲೇಜಿನ ಹುಡುಗರು ರಜೆಯಲ್ಲಿ ಚದುರಿ, ಮಳೆಗೆ ದಾನಿಗಳು ಕಡಿಮೆಯಾಗುವ ಹೊತ್ತೂ ಅದೇ. ಹಾಗಾಗಿ ಮೀನುಗಾರಿಕೆ ಬಂದರಿರುವ ಬೈತಖೋಲದ ಕಡೆಯ ಶಿಬಿರವನ್ನು ಜೂನ್ ಮೊದಲ ವಾರಕ್ಕೇ ಇಟ್ಟರು. ತಡಮಾಡಿದರೆ ಜ್ವರದ ಕಾಲ ಬರುತ್ತದೆ. ಮಲೇರಿಯಾ ಆದವರು ಗುಣವಾದ ಮೇಲೆ 3 ತಿಂಗಳು, ಡೆಂಗಿ ಆದವರು 6 ತಿಂಗಳು ಕೊಡುವಂತಿಲ್ಲ. ಜುಲೈ ಕೊನೆಗೆ ಶಿಬಿರ ಇಟ್ಟರೆ ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಜನರನ್ನು ಕೈಮುಗಿದು ವಾಪಸ್ ಕಳಿಸಬೇಕಾಗುತ್ತದೆ. ಹಾಗೆ ವಾಪಸ್ ಹೋದವರು ಮರುವರ್ಷ ಬರುವುದೂ ಕಷ್ಟ.

ಮೇಜಿನ ಬಳಿಯ ಶಿಸ್ತು ತಂತ್ರಜ್ಞರದು. ವಯಸ್ಸು 18ರಿಂದ 65, ಹಿಮೋಗ್ಲೋಬಿನ್ 12.5ಕ್ಕೆ ಕಡಿಮೆ ಇರಬಾರದು, 350 ಮಿ.ಲೀ.ಗೆ ಕನಿಷ್ಠ 45 ಕೆ.ಜಿ. ತೂಕ. ಹಿಂದಿನ ದಾನವಾಗಿ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದಿರಬೇಕು. 350ರ ಚೀಲದಲ್ಲಿ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ 49 ಮಿ.ಲೀ. ಇರುತ್ತದೆ, ಅಷ್ಟು ರಕ್ತಕ್ಕೇ ಅಳೆದು ಹಾಕಿದ್ದು. ಸೂಜಿ ಸರಿದು ಚೀಲ ಅರ್ಧಕ್ಕೇ ನಿಂತರೆ ದ್ರಾವಣದ ಪಾಲು ಹೆಚ್ಚಾಗಿ ಕಣಗಳು ಕೆಡುತ್ತವೆ, ಮೀರಿ ತುಂಬಿದರೆ ಹೆಪ್ಪು. ಅದಕ್ಕೇ ಚೀಲವನ್ನು ತಕ್ಕಡಿಯ ಮೇಲಿಟ್ಟು, ಮಗುವನ್ನು ತೂಗಿದ ಹಾಗೆ ಮೆಲ್ಲಗೆ ಆಡಿಸುತ್ತಲೇ ಇರಬೇಕು. ಇನ್ನೊಂದು ತಪ್ಪು ಐಸ್‌ ಪೆಟ್ಟಿಗೆಯಲ್ಲಿ. ಚೀಲ ಮಂಜುಗಡ್ಡೆಗೆ ನೇರ ತಾಗಿದರೆ ಕೆಂಪು ಕಣ ಒಡೆಯುತ್ತವೆ, ನಡುವೆ ಹಾಳೆ ಇರಲೇಬೇಕು. ಪ್ಲೇಟ್‌ಲೆಟ್ ಬೇರ್ಪಡಿಸಬೇಕಾದ ಚೀಲವನ್ನಂತೂ ಐಸಿನ ಹತ್ತಿರವೇ ತರುವಂತಿಲ್ಲ. ಅದು 20ರಿಂದ 24 ಡಿಗ್ರಿಯಲ್ಲೇ ಇದ್ದು ಕೆಲವೇ ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು. ಕಡಲ ಕೆಲಸದವರಿಗೆ ಮುಂಜಾನೆ ಬರೀ ಚಾ ಕುಡಿದು ಬರುವ ರೂಢಿ. ತಲೆಸುತ್ತು ಬಂದು ಬಿದ್ದವರಲ್ಲಿ ಹೆಚ್ಚಿನವರು ಅಂಥವರೇ. ಹಾಗಾಗಿ ನೋಂದಣಿ ಮೇಜಿಗಿಂತ ಮೊದಲೇ ಅವಲಕ್ಕಿ ಮತ್ತು ಅರ್ಧ ಲೀಟರ್ ನೀರಿನ ಮೇಜು ಹಾಕಿದರು. ಇಷ್ಟು ಸಣ್ಣ ಬದಲಾವಣೆ ಎಲ್ಲ ಕಡೆ ಯಾಕೆ ಆಗುವುದಿಲ್ಲವೋ!

ಮಳೆಗಾಲದಲ್ಲಿ ರಸ್ತೆಯನ್ನು ನಂಬಬಾರದು ಎಂಬುದನ್ನು 2024 ಈ ಜಿಲ್ಲೆಗೆ ಚೆನ್ನಾಗಿ ತೋರಿಸಿದೆ. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು, ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ದಾನಿಗಳ ಪಟ್ಟಿಯನ್ನು ರಕ್ತದ ಗುಂಪಿನ ಪ್ರಕಾರ ಮಾತ್ರವಲ್ಲ, ‘ಕಾಳಿಯ ಆಚೆ’, ‘ಕಾಳಿಯ ಈಚೆ’ ಎಂದೂ ವಿಂಗಡಿಸಿ ಇಡಬೇಕೆನ್ನುವ ಹಟ ಯಾಕೆಂದು ಈಗ ಯಾರೂ ಕೇಳುವುದಿಲ್ಲ.

ಪ್ರತಿ ವಿದ್ಯಾರ್ಥಿಗೂ ಕೆಲವು ಮನೆಗಳನ್ನು ವಹಿಸಿ, ವರ್ಷಗಟ್ಟಲೆ ಅದೇ ಮನೆಗೆ ಹೋಗಿ ಬರುವ ಕುಟುಂಬ ದತ್ತು ಕಾರ್ಯಕ್ರಮ ಈಗ ದೇಶದ ಎಲ್ಲ ವೈದ್ಯಕೀಯ ಕಾಲೇಜುಗಳಲ್ಲಿದೆ. ಅಲ್ಲಿ ಆಶಾ ಅಕ್ಕಂದಿರು ಇಲ್ಲದಿದ್ದರೆ ಹೊಸಿಲೂ ದಾಟಲಾಗುತ್ತಿರಲಿಲ್ಲ. ಮೀನು ಮಾರುವ ಮನೆಗೆ ಬೆಳಿಗ್ಗೆ ಹೋದರೆ ಬೀಗ. ಮಾರುಕಟ್ಟೆ ಮುಗಿಸಿ, ಮಿಂದು, ಉಂಡು ಅಡ್ಡಾಗುವ ಮೊದಲಿನ ಅರ್ಧ ಗಂಟೆಯೇ ನಮ್ಮ ಪಾಲಿನದು. ಬುಟ್ಟಿ ಇಳಿಸಿದ ಕೂಡಲೇ ಬಿಪಿ ನೋಡಿದರೆ ಏರಿಯೇ ಇರುತ್ತದೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಎಲೆಯಡಿಕೆ ಹಾಕಿ ಅರ್ಧ ಗಂಟೆ ಆಗಿದೆಯೇ ಎಂದು ಕೇಳಿ, ಎರಡು ಸಲ ನೋಡಬೇಕು.

ಬಿಪಿ ಇದ್ದವರಿಗೆ ‘ಉಪ್ಪು ಕಡಿಮೆ ಮಾಡಿ’ ಎಂದು ಹೇಳಿ ಬರುವುದು ಸುಲಭ. ಮಳೆಗಾಲಕ್ಕೆಂದು ಮೇ ತಿಂಗಳ ಬಿಸಿಲಲ್ಲಿ ಒಣಗಿಸಿಟ್ಟ ಬಂಗಡೆ, ಸುಂಗಟದ (ಸಿಗಡಿಯ) ಡಬ್ಬಿಗಳು ಅಟ್ಟದ ಮೇಲೆ ಇರುವಾಗ ಆ ಮಾತಿಗೆ ಏನು ಬೆಲೆ? ಅಕ್ಕಂದಿರು ಹೇಳಿಕೊಟ್ಟ ದಾರಿ ಹೀಗೆ: ಒಣಮೀನನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ ನೀರು ಚೆಲ್ಲಿ, ಮತ್ತೊಮ್ಮೆ ಹಾಗೇ ಮಾಡಿ. ಸಾರಿಗೆ ಬೇರೆ ಉಪ್ಪು ಹಾಕಬೇಡಿ. ಸಪ್ಪೆ ಅನಿಸಿದರೆ ಮುರುಗಲ (ಪುನರ್ಪುಳಿ) ಸಿಪ್ಪೆ ಒಂದೆರಡು ಹೆಚ್ಚು ಬೀಳಲಿ. ಅದೂ ಉಪ್ಪು ಹಾಕದೆ ಒಣಗಿಸಿದ ಸಿಪ್ಪೆ. ಅಂಗಡಿಯದಾದರೆ ಅದರ ಮೈಯಲ್ಲೇ ಉಪ್ಪು ಮಿನುಗುತ್ತಿರುತ್ತದೆ, ತೊಳೆದೇ ಹಾಕಬೇಕು. ಈ ಸಲಹೆ ಯಾವ ಪಠ್ಯಪುಸ್ತಕದಲ್ಲೂ ನಮಗೆ ಸಿಕ್ಕಿಲ್ಲ.

ಸಾಂಸ್ಕೃತಿಕ ಸಮಿತಿ ಎಂದರೆ ವಾರ್ಷಿಕೋತ್ಸವದ ಡಿಜೆ ಎಂದುಕೊಂಡವರಿಗೆ ನಮ್ಮ ಸರ್ ಮೊದಲು ತೋರಿಸುತ್ತಿದ್ದದ್ದು ಶಬ್ದ ಮಾಲಿನ್ಯ ನಿಯಮ. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಚಂಡೆಗೆ ಧ್ವನಿವರ್ಧಕ ಬೇಡವೇ ಬೇಡ ಎಂಬುದು ಬೇರೆ ಮಾತು! ಆವರಣದೊಳಗೆ ಚಂಡೆ ಬಿಟ್ಟು, ಭಾಗವತಿಕೆಗೆ ಮದ್ದಳೆ, ತಾಳ ಇಟ್ಟುಕೊಂಡು ಮುಚ್ಚಿದ ಸಭಾಂಗಣದಲ್ಲಿ ತಾಳಮದ್ದಳೆ, ಅಂದರೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ, ಮಾಡಿಸಿದರು. ವೇಷ ಬೇಡ, ಬಣ್ಣ ಬೇಡ, ಖರ್ಚೂ ಇಲ್ಲ. ಪೂರ್ತಿ ವೇಷ ಕಟ್ಟಿದ ವರ್ಷ ಮುಂಡಾಸನ್ನು ಬಿಗಿಯಾಗಿ ಸುತ್ತಿಸಿಕೊಂಡು, ಬೆವರಿ, ನೀರು ಕುಡಿಯದೆ, ಬಣ್ಣ ಹಚ್ಚುವ ಚೌಕಿಯಲ್ಲೇ ಕುಸಿದ ವೇಷಧಾರಿಯನ್ನು ಎತ್ತಿಕೊಂಡು ಬಂದ ಮೇಲೆ ತಾಳಮದ್ದಳೆಯ ಬೆಲೆ ಇನ್ನೂ ಹೆಚ್ಚಿತು.

ಘಟ್ಟದ ಮೇಲೆ ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಬಗ್ಗೆ ಹೇಳಬೇಕಾದಾಗ ಅದೇ ತಾಳಮದ್ದಳೆ ಕೈಹಿಡಿಯಿತು. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು, ಹರಡುವುದು ಉಣ್ಣಿಯಿಂದ. ಅಡಿಕೆ ಕೊಯ್ಲಿನ ದಿನಗಳಲ್ಲಿ ಸಂಜೆ ಸಭೆ ಕರೆದರೆ ಖಾಲಿ ಕುರ್ಚಿಗೆ ಭಾಷಣ ಮಾಡಬೇಕು. ಎಲ್ಲರೂ ಅಡಿಕೆ ಸುಲಿಯುತ್ತಿರುತ್ತಾರೆ. ಸರ್ ಸಭೆಯನ್ನೇ ಸುಲಿಯುವ ಅಂಗಳಕ್ಕೆ ಒಯ್ದರು. ಮೆಟ್ಟುಗತ್ತಿಯ ಮೇಲೆ ಕೂತವರ ಕೈಗೆ ಬಿಡುವಿಲ್ಲ, ಕಿವಿಗೆ ಇದೆ. ಆರೋಗ್ಯದ ಮಾತನ್ನು ರಾಜನ ಬಾಯಲ್ಲಿ ಇಡದೆ ಹಾಸ್ಯಗಾರನಿಗೆ ಕೊಟ್ಟರು, ಊರಿನ ಭಾಷೆಯಲ್ಲಿ ಬೈಯುವ ಹಕ್ಕು ಇರುವುದು ಅವನಿಗೆ ಮಾತ್ರ. ಸತ್ತ ಮಂಗನನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸು, ಕಾಡಿಗೆ ಹೋಗುವಾಗ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚು, ದರಕಿನ (ಉದುರಿದ ಒಣ ಎಲೆಯ) ಮೇಲೆ ಕೂರಬೇಡ, ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಚ್ಚಿ ಮೀಯು. ಇಷ್ಟೇ ನಾಲ್ಕು ಮಾತು. ಐದನೆಯದು ಸೇರಿಸಲು ನಾವು ಪಟ್ಟುಹಿಡಿದಾಗಲೆಲ್ಲ ಸರ್ ಹೊಡೆದುಹಾಕಿದರು.

ಸಮಾಜ ಕಾರ್ಯಕರ್ತರಿಗೆ ಒಂದು ವಿಶೇಷ ನಮಸ್ಕಾರ. ಸಾವಿನ ಮನೆಯಲ್ಲಿ ನೇತ್ರದಾನದ ಮಾತೆತ್ತುವುದು ಎಲ್ಲರ ಕೈಲಾಗುವ ಕೆಲಸವಲ್ಲ, ಸಾವಾದ ಮೇಲೆ ಕಣ್ಣು ತೆಗೆಯಲು ಇರುವುದೋ ಆರೇ ಗಂಟೆ. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆದಿಂಬಿನಿಂದ ತಲೆ ತುಸು ಎತ್ತರಿಸಿ ಎಂದು ಅವರು ಮೆಲುದನಿಯಲ್ಲಿ ಹೇಳುವಾಗ ಮನೆಯವರಿಗೆ ಕೈಗೊಂದು ಕೆಲಸವೂ ಸಿಕ್ಕಂತಾಗುತ್ತದೆ. ಓಣಂ, ಚೌತಿ, ಲೋಹ್ರಿ ಮೂರಕ್ಕೂ ಒಂದೇ ಒಲೆಯಲ್ಲಿ ಬೇಯಿಸಿ, ಮೀನಿನ ಸೌಟು ಪಾಯಸಕ್ಕೆ ಬೀಳದಂತೆ ನೋಡಿಕೊಂಡ ಹಾಸ್ಟೆಲ್ ಅಡುಗೆಯವರಿಗೂ ಅಷ್ಟೇ ದೊಡ್ಡ ನಮಸ್ಕಾರ.

ಮುಂದಿನ ಬ್ಯಾಚಿನವರಿಗೆ: ರಟ್ಟಿನ ಪುಸ್ತಕ ಭಾಷಾ ಮೇಡಂ ಅವರ ಮೇಜಿನ ಎರಡನೇ ಡ್ರಾಯರಿನಲ್ಲಿದೆ. ಹಾಲಕ್ಕಿ ಒಕ್ಕಲಿಗರ ಕನ್ನಡಕ್ಕೆಂದು ಬಿಟ್ಟ ಪುಟಗಳಲ್ಲಿ ಇನ್ನೂ ಅರ್ಧ ಖಾಲಿ. ಅಂಕೋಲೆಯ ಕಡೆಯ ಅಕ್ಕಂದಿರನ್ನು ಕೇಳಿ ತುಂಬಿಸಿ. ಐಸ್‌ ಪೆಟ್ಟಿಗೆಯ ಹಾಳೆಗಳು ಒದ್ದೆಯಾಗಿವೆ, ಬಿಸಿಲು ಬಂದ ದಿನ ಒಣಗಿಸಿಡಬೇಕು.