ಥೀಸಿಸ್ ಮುಗಿಯಿತು, ಮೊದಲ ನಮಸ್ಕಾರ ಅಮಾಲಾಗೆ

ಕಳೆದ ವಾರ ಟಿಬೆಟ್ ಇತಿಹಾಸದ ಮೇಲಿನ ನನ್ನ ಥೀಸಿಸ್‌ನ ವೈವಾ ಮುಗಿಯಿತು. ಫೋನ್ ಮಾಡಿದ ಎಲ್ಲರ ಹತ್ತಿರ ಸರಿಯಾಗಿ ಮಾತಾಡಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಈ ನಡುವೆ ಅಪ್ಪ ಆಸ್ಪತ್ರೆ ಸೇರಿ ಮನೆಯಲ್ಲಿ ಏನೇನಾಯಿತು ಅಂತ ನಿಮಗೆಲ್ಲ ಗೊತ್ತು. ಮತ್ತೆ ಹೇಳುವುದಿಲ್ಲ. ಅಪ್ಪ ಈಗ ಜಗುಲಿಯಲ್ಲಿ ಕೂತು ಪೇಪರ್ ಓದುವಷ್ಟು, ಕಾಫಿಗೆ ಸಕ್ಕರೆ ಸಾಲದು ಅಂತ ಜಗಳ ಆಡುವಷ್ಟು ಸುಧಾರಿಸಿದ್ದಾರೆ.

ನನ್ನ ಗೈಡ್‌ಗೆ, ಲೈಬ್ರರಿಯ ಮೇಲಿನ ಕಪಾಟಿನಿಂದ ದೂಳು ಹಿಡಿದ ಫೈಲು ಇಳಿಸಿ ಕೊಟ್ಟವರಿಗೆ, ಟೈಪಿಂಗ್ ನೋಡಿಕೊಂಡ ಗೆಳತಿಯರಿಗೆ, ಆಸ್ಪತ್ರೆಗೆ ಊಟ ಹೊತ್ತ ಚಿಕ್ಕಪ್ಪನ ಮನೆಯವರಿಗೆ ಧನ್ಯವಾದ. ಇವರೆಲ್ಲರನ್ನೂ ಒಂದೇ ಸಾಲಿನಲ್ಲಿ ಸೇರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗ ನಾವು ಅಮಾಲಾ ಅಂತ ಕರೆಯುವ ಟಿಬೆಟನ್ ಅಜ್ಜಿಗೆ ಬೇಕು.

ಟಿಬೆಟ್ ಮತ್ತು ಚೀನಾ ಅಂದರೆ ನಮ್ಮ ಕಡೆ ಎಲ್ಲರಿಗೂ 1959 ನೆನಪಾಗುತ್ತದೆ. ದಲೈ ಲಾಮಾ ರಾಜಧಾನಿ ಲಾಸಾ ಬಿಟ್ಟು ಬಂದದ್ದು, ಆಮೇಲೆ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರಿಗೆ ಜಾಗ ಕೊಟ್ಟದ್ದು, ಬಂದವರು ಕಾಡು ಕಡಿದು ಮುಸುಕಿನ ಜೋಳ ಬೆಳೆದದ್ದು. ಪಕ್ಕದ ಪಿರಿಯಾಪಟ್ಟಣದಲ್ಲಿ ಬೆಳೆದ ನನಗೆ ಇದೆಲ್ಲ ಬಾಯಿಪಾಠ. ನಾನು ಓದಬೇಕು ಅಂದುಕೊಂಡದ್ದು ಅದಕ್ಕೂ ಹಿಂದಿನ ಎಂಟು ವರ್ಷ. 1951ರ ಮೇ 23ರಂದು ಬೀಜಿಂಗಿನಲ್ಲಿ ಟಿಬೆಟ್ ಮತ್ತು ಚೀನಾ ನಡುವಿನ ಹದಿನೇಳು ಅಂಶಗಳ ಒಪ್ಪಂದಕ್ಕೆ ಸಹಿ ಬಿತ್ತು. ಅದಕ್ಕೆ ಮೊದಲೇ, 1950ರ ಅಕ್ಟೋಬರಿನಲ್ಲಿ, ಚೀನಾ ಸೈನ್ಯ ಟಿಬೆಟ್ಟಿನ ಪೂರ್ವದ ಚಾಮ್ಡೊ ಪಟ್ಟಣ ಹಿಡಿದಾಗಿತ್ತು. ಹಾಗೆ ಬಿದ್ದ ಸಹಿ ಅದು. ಟಿಬೆಟ್ಟಿನ ಆಡಳಿತ ಪದ್ಧತಿ ಬದಲಿಸುವುದಿಲ್ಲ, ದಲೈ ಲಾಮಾ ಸ್ಥಾನ ಮುಟ್ಟುವುದಿಲ್ಲ, ಸುಧಾರಣೆಗೆ ಬಲವಂತ ಮಾಡುವುದಿಲ್ಲ ಅಂತ ಅದರಲ್ಲಿ ಬರೆದಿತ್ತು. ಓದಿದರೆ ತಕರಾರು ತೆಗೆಯಲು ಜಾಗವೇ ಇಲ್ಲ ಅನ್ನಿಸುತ್ತದೆ, ಅಲ್ವಾ?

ಆದರೆ ಎಲ್ಲಿಯ ಟಿಬೆಟ್? ಅಮಾಲಾ ಪೂರ್ವದ ಖಾಮ್ ಪ್ರಾಂತದವರು. ದ್ರಿಚು (ಯಾಂಗ್ಟ್ಸೆ) ನದಿಯ ಆಚೆಗಿನ ಅವರ ಊರಿನ ಮೇಲೆ ಲಾಸಾದ ಆಡಳಿತ ಇರಲಿಲ್ಲ. 1955ರಲ್ಲಿ ಅದೆಲ್ಲ ಚೀನಾದ ಸಿಚುವಾನ್ ಪ್ರಾಂತಕ್ಕೆ ಸೇರಿಹೋಯಿತು. ಒಪ್ಪಂದದ ಮಾತು ಅಲ್ಲಿಗೆ ಅನ್ವಯಿಸುವುದಿಲ್ಲ ಅಂತ ಚೀನಾ ನಡೆದುಕೊಂಡಿತು. ಲಾಸಾದಲ್ಲಿ ತಡೆದು ನಿಲ್ಲಿಸಿದ ಸುಧಾರಣೆ ಖಾಮ್‌ನಲ್ಲಿ ಶುರುವಾಯಿತು. ಜಮೀನು ಹೋಯಿತು, ಬಂದೂಕು ಒಪ್ಪಿಸಿ ಅಂದರು, ಮಠಗಳ ಮೇಲೆ ಕೈ ಬಿತ್ತು. ಜನ ತಿರುಗಿ ಬಿದ್ದರು. 1956ರಲ್ಲಿ ಲಿಥಾಂಗ್ ಮಠದ ಮೇಲೆ ವಿಮಾನದಿಂದ ಬಾಂಬ್ ಹಾಕಿದರು. ಉಳಿದವರು ಗುಂಪು ಗುಂಪಾಗಿ ಲಾಸಾ ಕಡೆ ನಡೆದರು. ಅವರ ಬೆನ್ನಿಗೇ ಅವರ ಕಥೆಗಳೂ ಹೋದವು. 1959ರ ಮಾರ್ಚಿನಲ್ಲಿ ಲಾಸಾದ ಜನ ದಲೈ ಲಾಮಾ ರಕ್ಷಣೆಗೆ ಅಂತ ಅವರಿದ್ದ ನೋರ್ಬುಲಿಂಕಾ ಅರಮನೆಯನ್ನು ಸುತ್ತುವರಿದು ನಿಂತದ್ದಕ್ಕೆ ಬೇರು ಇಲ್ಲಿದೆ. ನನ್ನ ಥೀಸಿಸ್‌ನ ವಾದ ಇಷ್ಟೇ.

ಈ ವಾದ ನನಗೆ ಸಿಕ್ಕಿದ್ದು ಫೈಲಿನಲ್ಲಲ್ಲ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಹಿರಿಯರ ಮಾತು ರೆಕಾರ್ಡ್ ಮಾಡಿಕೊಂಡಿದ್ದೆ. ಅದನ್ನು ಕೇಳಿ, ನಿಲ್ಲಿಸಿ, ತಮ್ಮ ಸಂತೆ ಕನ್ನಡದಲ್ಲಿ ಬಿಡಿಸಿ ಹೇಳಿದವರು ಅಮಾಲಾ. ಯಾರು ಉತ್ಪ್ರೇಕ್ಷೆ ಮಾಡುತ್ತಿದ್ದಾರೆ ಅಂತಲೂ ಹೇಳುತ್ತಿದ್ದರು. "ಇವ ಆಗ ಹುಟ್ಟೇ ಇರಲಿಲ್ಲ ಮಗ, ಬಿಡು."

ಅಪ್ಪನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ ಆ ರಾತ್ರಿ ಚಿಕ್ಕಪ್ಪ ಊರಲ್ಲಿರಲಿಲ್ಲ. ಅಮಾಲಾ ಸೊಸೆಯ ಜೊತೆ ಚಳಿಗಾಲದ ಸ್ವೆಟರ್ ಅಂಗಡಿಗೆ ಅಂತ ಮೈಸೂರಿನಲ್ಲೇ ಇದ್ದರು. ಅಂಗಡಿ ಮುಚ್ಚಿ ನೇರ ಬಂದರು. ಒಬ್ಬರೇ ಇರಬೇಕು ಅಂದ ಸೆಕ್ಯುರಿಟಿಯವನ ಎದುರು "ನಾನು ಅಜ್ಜಿ" ಅಂತ ಕೂತೇಬಿಟ್ಟರು. ಆತ ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿ ಸುಮ್ಮನಾದ. ಮದುವೆಯಾದ ಮಗಳಂತೆ ಧೈರ್ಯವಾಗಿರಬೇಕು ಅಂದುಕೊಂಡಿದ್ದ ನಾನು, ಬೆಳಗಿನ ತನಕ ಏನೂ ಹೇಳಲಾಗದು ಅಂತ ಡಾಕ್ಟರ್ ಅಂದ ಮೇಲೆ ಕಾರಿಡಾರಿನ ನೆಲದ ಮೇಲೆ ಕುಸಿದೆ. ಔಷಧಿ ಚೀಟಿ ಕೈಯಲ್ಲೇ ಇತ್ತು. ಅಮಾಲಾ ಅದನ್ನು ತೆಗೆದುಕೊಂಡು ಹೋಗಿ, ಸೊಂಟದ ಚೀಲದಿಂದ ಅವತ್ತಿನ ವ್ಯಾಪಾರದ ದುಡ್ಡು ಎಣಿಸಿ ಕೊಟ್ಟು, ಔಷಧಿ ತಂದರು.

ಆಮೇಲೆ ತಮ್ಮ ತಂದೆಯ ಬಗ್ಗೆ ಹೇಳಿದರು. ಚೀನಾದವರು ರಸ್ತೆ ಮಾಡುವಾಗ ಅವರ ತಂದೆ ಕೂಲಿಗೆ ಹೋಗಿದ್ದರು, ಬೆಳ್ಳಿ ನಾಣ್ಯ ಸಿಗುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಖುಷಿ. 1954ರಲ್ಲಿ ಸಿಚುವಾನಿನಿಂದ ಲಾಸಾವರೆಗೆ ರಸ್ತೆ ಮುಗಿಯಿತು. ಅದೇ ರಸ್ತೆಯಲ್ಲಿ ಸೈನ್ಯದ ಲಾರಿಗಳು ಬಂದವು. ಓಡಿ ಭಾರತಕ್ಕೆ ಬಂದ ಮೇಲೆ ಹಿಮಾಚಲದ ಬೆಟ್ಟದಲ್ಲಿ ಅವರ ತಂದೆಗೆ ಮತ್ತೆ ರಸ್ತೆ ಕೆಲಸವೇ ಸಿಕ್ಕಿತು. ಅಲ್ಲೇ ತೀರಿಕೊಂಡರು. ಕೊನೆಯ ರಾತ್ರಿಯ ಬಗ್ಗೆಯೂ ಹೇಳಿದರು. ಅದು ಥೀಸಿಸ್‌ನಲ್ಲಿ ಇಲ್ಲ, ಇಲ್ಲಿಯೂ ಇರುವುದಿಲ್ಲ. ನನ್ನ ಅಪ್ಪ ಒಳಗಿದ್ದಾಗ ಅವರು ಇದನ್ನು ಯಾಕೆ ಹೇಳಿದರು ಅಂತ ಒಂದು ಕ್ಷಣ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅವರಿಗೂ ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಾದರೂ ಬೇಕಿತ್ತು.

ಬೆಳಿಗ್ಗೆ ಇಡ್ಲಿ ತಿನ್ನಿಸಿ ಅಂಗಡಿಗೆ ಹೊರಟರು. ಔಷಧಿಯ ದುಡ್ಡು ವಾಪಸ್ ಕೊಡಲು ಹೋದರೆ ಬೈಸಿಕೊಳ್ಳಬೇಕಾಯಿತು.

ಥೀಸಿಸ್ ಕೈಗೆ ಕೊಟ್ಟಾಗ ಅಮಾಲಾ ಪೂರ್ತಿ ಖುಷಿಪಡಲಿಲ್ಲ. ಖಾಮ್‌ನವರನ್ನು ಜಾಸ್ತಿ ಒಳ್ಳೆಯವರನ್ನಾಗಿ ಮಾಡಿದ್ದೀಯ ಅಂತ ತಕರಾರು. ನಮ್ಮವರಿಗೂ ಲಾಸಾದ ದೊಡ್ಡ ಮನೆತನಗಳಿಗೂ ಆಗುತ್ತಿರಲಿಲ್ಲ, ಶುರುವಿನಲ್ಲಿ ಚೀನಾದವರೇ ವಾಸಿ ಅಂದವರೂ ಇದ್ದರು, ಅದನ್ನು ಗಟ್ಟಿಯಾಗಿ ಬರಿ ಅಂದರು. ನಿಜ. ಖಾಮ್‌ನದೇ ಊರಾದ ಬಾತಾಂಗ್‌ನ ಫುಂಟ್ಸೊಕ್ ವಾಂಗ್ಯಾಲ್ ಟಿಬೆಟನ್ ಕಮ್ಯುನಿಸ್ಟ್ ಪಕ್ಷ ಕಟ್ಟಿದವರು. ಒಪ್ಪಂದದ ಮಾತುಕತೆಯಲ್ಲೂ ಇದ್ದರು. ಕೊನೆಗೆ ಅವರು ಸೇರಿದ್ದ ಚೀನಾ ಕಮ್ಯುನಿಸ್ಟ್ ಪಕ್ಷವೇ ಅವರನ್ನು 18 ವರ್ಷ ಜೈಲಿನಲ್ಲಿ ಇಟ್ಟಿತು. ಅವರ ಬಗ್ಗೆ ಥೀಸಿಸ್‌ನಲ್ಲಿ ಇರುವುದು ಒಂದೇ ಪುಟ.

ಖಾಮ್ ಅಧ್ಯಾಯವನ್ನು ಕನ್ನಡದಲ್ಲಿ ಚಿಕ್ಕ ಪುಸ್ತಕ ಮಾಡುತ್ತಿದ್ದೇನೆ. ಆ ಪುಟ ಅದರಲ್ಲಿ ದೊಡ್ಡದಾಗುತ್ತದೆ. ಪ್ರತಿ ಬೇಕಾದವರು ಮೆಸೇಜ್ ಮಾಡಿ. ಅಚ್ಚಿಗೆ ಹೋಗುವ ಮುಂಚೆ ಅಮಾಲಾಗೆ ಓದಿ ಹೇಳಬೇಕು, ಹಾಗಾಗಿ ತಡವಾದರೆ ನನ್ನನ್ನು ಬೈಯಬೇಡಿ.