ತರಗತಿಯಲ್ಲಿ ತೂಕಡಿಸುವ ಹುಡುಗನ ಬಗ್ಗೆ

ಪ್ರೀತಿಯ ಗೆಳೆಯ,

ನಿನ್ನ ಆಶ್ರಮ ಶಾಲೆಯ ಹುಡುಗನ ವಿಷಯ ಓದಿದೆ. ಸಿಕಲ್ ಸೆಲ್ ಎಂಬ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಎಂದು ಗೊತ್ತಾಗಿದೆ, ಮಾತ್ರೆ ನಡೆಯುತ್ತಿದೆ, ಆದರೂ ಬೆಳಗಿನ ಪಾಠಕ್ಕೇ ತೂಕಡಿಸುತ್ತಾನೆ, ಉಳಿದ ಮೇಷ್ಟ್ರುಗಳು ಸೋಮಾರಿ ಎನ್ನುತ್ತಾರೆ ಎಂದು ಬರೆದಿದ್ದೀಯ. ದಯವಿಟ್ಟು ಯಾರೂ ಹಾಗೆ ಅನ್ನದಂತೆ ನೋಡಿಕೋ. ರಾತ್ರಿ ಅವನು ಹೇಗೆ ಮಲಗುತ್ತಾನೆ ಎಂಬುದನ್ನು ಗಮನಿಸು.

ಸುಸ್ತಂತೂ ಇದ್ದೇ ಇರುತ್ತದೆ. ನಮ್ಮ ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತದೆ, ಅವನದು 10ರಿಂದ 20 ದಿನ; ಹಾಗಾಗಿ ಮೈಯಲ್ಲಿ ರಕ್ತ ಸದಾ ಕಡಿಮೆ. ಅದರ ಜೊತೆಗೆ ನಿದ್ದೆಯೂ ಕೆಡುತ್ತದೆ. ಮಕ್ಕಳ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುವ ನಾನು ಇದನ್ನು ಕಣ್ಣಾರೆ ಕಾಣುತ್ತೇನೆ. ಈ ಮಕ್ಕಳಲ್ಲಿ ಗಂಟಲಿನ ಟಾನ್ಸಿಲ್, ಮೂಗಿನ ಹಿಂಭಾಗದ ಅಡಿನಾಯ್ಡ್ ಊದಿಕೊಂಡಿರುವುದು ಹೆಚ್ಚು. ಮಲಗಿದಾಗ ಉಸಿರಿನ ದಾರಿ ಕಿರಿದಾಗಿ ಗೊರಕೆ ಬರುತ್ತದೆ, ನಡುನಡುವೆ ಉಸಿರೇ ಕಟ್ಟುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಆಮ್ಲಜನಕ ಇಳಿದಾಗಲೇ ಅವರ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುವುದು. ಬಾಗಿದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡರೆ ಮೂಳೆಯೊಳಗಿಂದ ನೋವು ಏಳುತ್ತದೆ. ನೋವಿಗೆ ನಿದ್ದೆ ಹಾರುತ್ತದೆ, ನಿದ್ದೆಗೆಟ್ಟ ಮರುದಿನ ಅದೇ ನೋವನ್ನು ತಾಳುವುದು ಇನ್ನೂ ಕಷ್ಟ.

ಹಾಸಿಗೆ ಒದ್ದೆ ಮಾಡುತ್ತಾನೆಂದು ಸಂಜೆಯಾದ ಮೇಲೆ ಅವನಿಗೆ ನೀರು ಕೊಡುವುದಿಲ್ಲ ಎಂದೂ ಬರೆದಿದ್ದೀಯ. ಅದನ್ನು ಇವತ್ತೇ ನಿಲ್ಲಿಸು! ಈ ಕಾಯಿಲೆಯಲ್ಲಿ ಮೂತ್ರಪಿಂಡಕ್ಕೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಂದಿರುತ್ತದೆ. ಕುಡಿಯದಿದ್ದರೂ ನೀರು ಹೊರಗೆ ಹೋಗುತ್ತಲೇ ಇರುತ್ತದೆ, ಮೈ ಒಣಗಿದರೆ ನೋವು ಕೆರಳುತ್ತದೆ. ಬೇಕಾದಷ್ಟು ನೀರು ಕೊಡಿ, ರಾತ್ರಿ ಒಮ್ಮೆ ಎಬ್ಬಿಸಿ ಶೌಚಾಲಯಕ್ಕೆ ಕಳುಹಿಸಿ, ಬಯ್ಯಬೇಡಿ. ಚಳಿಯೂ ಅವನಿಗೆ ಆಗದು, ದಪ್ಪ ಕಂಬಳಿ ಕೊಡಿಸು.

2023ರಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತಲ್ಲ, ಹಾಡಿಗಳ ಮಕ್ಕಳಿಗೆ ರಕ್ತಪರೀಕ್ಷೆ ಆಗುತ್ತಿರುವುದು ದೊಡ್ಡ ಕೆಲಸವೇ. ಆದರೆ ಕಾಯಿಲೆ ಪತ್ತೆಯಾದ ಮಗುವನ್ನು ‘ರಾತ್ರಿ ನಿದ್ದೆ ಬರುತ್ತದೆಯೇ’ ಎಂದು ಕೇಳುವವರೂ ಬೇಕು. ಅವನ ಮಟ್ಟಿಗೆ ಅದು ನೀನೇ ಆಗು.

ಮುಂದಿನ ತಪಾಸಣೆಗೆ ಅವನ ತಾಯಿಯ ಜೊತೆ ನೀನೂ ಹೋಗು. ಅವನು ಮಲಗಿದಾಗಿನ ಉಸಿರಾಟವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಡಾಕ್ಟರಿಗೆ ಕೇಳಿಸು. ಕಿವಿ-ಮೂಗು-ಗಂಟಲಿನ ತಜ್ಞರಿಗೆ ತೋರಿಸಬೇಕೇ, ನಿದ್ದೆಯಲ್ಲಿ ಆಮ್ಲಜನಕದ ಮಟ್ಟ ಅಳೆಯಬೇಕೇ ಎಂದು ಬಾಯಿಬಿಟ್ಟು ಕೇಳು. ಅವರು ಏನೆಂದರು ಎಂದು ನನಗೆ ಬರೆ.

ಇಂತಿ,
ನಿನ್ನ ಗೆಳೆಯ